ಕೊನೆಯ ನುಡಿಯವರೆಗೆ ಹಾಡಿ, ಮಾಷ್ಟ್ರೇ

ಉಡುಪಿ ಬಳಿಯ ಕಟಪಾಡಿಯಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: "ಪ್ರತಿ ಶನಿವಾರ ಸಂಜೆ ನಮ್ಮ ಭಜನಾ ಮಂದಿರದಲ್ಲಿ ಅರ್ಧ ಗಂಟೆ ಪ್ರವಚನ ಮಾಡುತ್ತೇನೆ. ಮೊದಲು ಅದಕ್ಕಾಗಿ ನಾಲ್ಕು ದಿನ ಓದಬೇಕಿತ್ತು. ಈಗ ಮೊಬೈಲಿನಲ್ಲಿ ಚಾಟ್‌ಜಿಪಿಟಿಗೆ ವಿಷಯ ಹೇಳಿದರೆ ಹತ್ತು ನಿಮಿಷದಲ್ಲಿ ಪೀಠಿಕೆ, ಕಥೆ, ಶ್ಲೋಕ, ದಾಸರ ಪದ ಎಲ್ಲ ಸಿದ್ಧ. ಮಂದಿರದ ಹಿರಿಯರೊಬ್ಬರಿಗೆ ಇದು ಸರಿಕಾಣುವುದಿಲ್ಲ. ನೀವೇನು ಹೇಳುತ್ತೀರಿ?" ಮೊಬೈಲು ಬರೆದುಕೊಟ್ಟ ಒಂದು ಪ್ರವಚನದ ಪ್ರತಿಯನ್ನೂ ಜೊತೆಗಿಟ್ಟಿದ್ದಾರೆ.

ಮಾಷ್ಟ್ರೇ, ನಿವೃತ್ತಿಯ ನಂತರವೂ ವಾರಕ್ಕೊಂದು ಸಂಜೆಯನ್ನು ಊರಿಗೆ ಕೊಡುತ್ತಿದ್ದೀರಿ. ಮೊದಲು ಅದಕ್ಕೆ ಕೈಮುಗಿಯುತ್ತೇನೆ. ಯಂತ್ರ ಕಂಡರೆ ಮುಖ ತಿರುಗಿಸುವ ಸೀಮೆ ನಮ್ಮದಲ್ಲ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಟದ್ದು ಮಂಗಳೂರಿನಿಂದ. ಕಂಪ್ಯೂಟರಿಗೆ ಕನ್ನಡದ ಕೀಲಿಮಣೆ ವಿನ್ಯಾಸ ಮಾಡಿಕೊಟ್ಟ ಕೆ.ಪಿ. ರಾವ್ ಮಂಗಳೂರು ಬಳಿಯ ಕಿನ್ನಿಕಂಬಳದವರು. ಎಲ್ಲೋ ಓದಿದ ಶ್ಲೋಕ ಯಾವ ಅಧ್ಯಾಯದ್ದೆಂದು ಹುಡುಕಿಕೊಡುವುದು, 2020ರಲ್ಲಿ ನಮ್ಮನ್ನಗಲಿದ ಪ್ರವಚನಕಾರ ಬನ್ನಂಜೆ ಗೋವಿಂದಾಚಾರ್ಯರ ದನಿಯನ್ನು ಇವತ್ತು ರಾತ್ರಿ ನಿಮ್ಮ ಕೋಣೆಗೆ ತರುವುದು, ಇವೆಲ್ಲ ಉಪಕಾರವೇ.

ಆದರೆ ನೀವು ಕಳುಹಿಸಿದ ಪ್ರತಿಯ ಎರಡನೆಯ ಪುಟ ನೋಡಿ. 'ಕೃಷ್ಣಾ ನೀ ಬೇಗನೆ ಬಾರೋ' ಪುರಂದರದಾಸರದ್ದು ಎಂದಿದೆ. ಅದು ವ್ಯಾಸರಾಯರದ್ದು. ಇದನ್ನು ತಿಳಿಯಲು ಗ್ರಂಥ ತಿರುವಬೇಕಾಗಿಲ್ಲ, ಕೊನೆಯ ನುಡಿಯವರೆಗೆ ಹಾಡಿದರೆ ಸಾಕು. ದಾಸರು ತಮ್ಮ ಅಂಕಿತವನ್ನು, ಅಂದರೆ ಗುರುತಿನ ಹೆಸರನ್ನು, ಇಡುವುದು ಅಲ್ಲೇ. ಅಲ್ಲಿ ಪುರಂದರದಾಸರ ಪುರಂದರವಿಠಲ ಬರುವುದಿಲ್ಲ, ಉಡುಪಿಯ ಶ್ರೀಕೃಷ್ಣ ಬರುತ್ತಾನೆ. ಕಾಗಿನೆಲೆಯಾದಿಕೇಶವ ಎಂದರೆ ಕನಕದಾಸರು, ಹಯವದನ ಎಂದರೆ ವಾದಿರಾಜರು, ರಂಗವಿಠಲ ಎಂದರೆ ಶ್ರೀಪಾದರಾಜರು. ನಾನು ಹುಡುಗನಾಗಿದ್ದಾಗ ಭಜನೆಗೆ ಕೂತ ಮಕ್ಕಳಿಗೂ ಇದು ಗೊತ್ತಿತ್ತು. ಕೃಷ್ಣಮಠದ ರಥಬೀದಿಗೆ ಇಷ್ಟು ಹತ್ತಿರದಲ್ಲಿ, ಉಡುಪಿಯ ಕೃಷ್ಣನನ್ನೇ ಕರೆಯುವ ಪದ ಬೇರೆಯವರ ಹೆಸರಿನಲ್ಲಿ ಮೈಕಿನಿಂದ ಕೇಳಿಬಂತಲ್ಲ, ನನಗೆ ನಿಜಕ್ಕೂ ನೋವಾಯಿತು. ನಿಮಗೆ ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ. ಬಾಯಿಬಿಟ್ಟು ಹಾಡಿ ನೋಡುವ ಹೊತ್ತನ್ನು ಆ ಹತ್ತು ನಿಮಿಷ ನಿಮ್ಮಿಂದ ಕಿತ್ತುಕೊಂಡಿತು, ಅಷ್ಟೆ.

ನನ್ನ ಅಜ್ಜ ಮಳೆಗಾಲದ ರಾತ್ರಿಗಳಲ್ಲಿ ಚಾವಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಓದಿ ಅರ್ಥ ಹೇಳುತ್ತಿದ್ದರು. ನೆರೆಮನೆಯ ಅಕ್ಕನೊಬ್ಬಳು ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತ ಕೇಳುವವಳು. ಒಂದು ರಾತ್ರಿ ಕೈ ನಿಲ್ಲಿಸಿ ಕೇಳಿದಳು: "ಅಣ್ಣಾ, ಹುಟ್ಟಿನ ಗುಟ್ಟನ್ನು ಕೃಷ್ಣ ಕರ್ಣನಿಗೆ ಮೊದಲೇ ಹೇಳಿ ಆಗಿದೆ. ಆಮೇಲೆ ಕುಂತಿ ಬರುತ್ತಾಳೆ. ಎಲ್ಲ ಗೊತ್ತಿರುವ ಮಗನ ಎದುರು ಆ ತಾಯಿ ಯಾವ ಮುಖ ಹೊತ್ತು ನಿಂತಳು?" ಅಜ್ಜ ಪುಸ್ತಕ ಮುಚ್ಚಿದರು. ಮರುದಿನ ಮಳೆಯಲ್ಲೇ ಉಡುಪಿಗೆ ಹೋಗಿ ಸಂಸ್ಕೃತ ಬಲ್ಲವರೊಬ್ಬರ ಜಗಲಿಯಲ್ಲಿ ಕೂತು ವ್ಯಾಸಭಾರತದ ಉದ್ಯೋಗಪರ್ವ ಓದಿಸಿಕೊಂಡು ಬಂದರು. ರಾತ್ರಿ ಹೇಳಿದರು: "ಮುಖ ತೋರಿಸಲಿಲ್ಲ ತಂಗೀ. ಅವನು ಕೈ ಮೇಲೆತ್ತಿ ಜಪ ಮಾಡುತ್ತಿದ್ದ. ಬಿಸಿಲಿಗೆ ಬಾಡಿದ ತಾವರೆಯ ಮಾಲೆಯ ಹಾಗೆ ಅವನ ಉತ್ತರೀಯದ ನೆರಳಲ್ಲಿ, ಬೆನ್ನ ಹಿಂದೆ ಕಾದು ನಿಂತಳು." ಆ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ನನಗೆ ಇವತ್ತಿಗೂ ಕಾಣುತ್ತದೆ.

ಆ ಶ್ಲೋಕವನ್ನು ನಿಮ್ಮ ಮೊಬೈಲು ಕ್ಷಣದಲ್ಲಿ ತೆಗೆದುಕೊಟ್ಟೀತು. ಆದರೆ ಕೇಳುವುದು ಯಾರು? ಪ್ರಶ್ನೆ ಆ ಅಕ್ಕನದ್ದು. ಉತ್ತರವಿಲ್ಲದೆ ಒಂದು ರಾತ್ರಿ, ಒಂದು ಹಗಲು ಒದ್ದಾಡಿದ್ದು ಅಜ್ಜನದ್ದು. ನಾನು ತಯಾರಿ ಎನ್ನುವುದು ಆ ಒದ್ದಾಟಕ್ಕೆ.

ತಾಳಮದ್ದಲೆಯ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ವೇಷ, ಕುಣಿತಗಳಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಆ ಯಕ್ಷಗಾನದಲ್ಲಿ ಭಾಗವತರು ಹಾಡುವ ಪದ ಮಾತ್ರ ನಿಶ್ಚಿತ, ಪಾತ್ರಧಾರಿಯ ಮಾತು, ಅಂದರೆ ಅರ್ಥ, ಅಲ್ಲಲ್ಲೇ ಹುಟ್ಟಬೇಕು. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಕೇಳಿದರೆ, ಎದುರಿನ ರಾಮ ಬರೆದು ತಂದ ಚೀಟಿ ನೋಡಿ ಉತ್ತರಿಸುವ ಹಾಗಿರಲಿಲ್ಲ. ವರ್ಷಗಟ್ಟಲೆ ಓದಿ ಕೇಳಿ ಅರಗಿಸಿಕೊಂಡದ್ದು ನಾಲಿಗೆಗೆ ಬರಬೇಕಿತ್ತು.

ತಪ್ಪೆಲ್ಲ ನಿಮ್ಮದೇ ಎನ್ನಲಾರೆ. ನಾವು ಕೇಳುವವರೂ ಕೆಟ್ಟಿದ್ದೇವೆ. ಪ್ರವಚನಕ್ಕೆ ಇಪ್ಪತ್ತು ನಿಮಿಷ, ಸನ್ಮಾನಕ್ಕೆ ಒಂದು ಗಂಟೆ ಎಂದು ಸಮಿತಿಯವರು ಆಮಂತ್ರಣದಲ್ಲೇ ಅಚ್ಚು ಹಾಕಿಸುತ್ತಾರೆ. ಮಾತಾಡುವವರ ಕಣ್ಣು ಎದುರು ಕೂತ ಅಜ್ಜಿಯನ್ನು ಬಿಟ್ಟು ಯೂಟ್ಯೂಬಿನ ಕ್ಯಾಮೆರಾದ ಮೇಲಿರುತ್ತದೆ. ನಡುವೆ ಎದ್ದು ಪ್ರಶ್ನೆ ಕೇಳಿದವನನ್ನು ಸ್ವಯಂಸೇವಕರು ಕೂರಿಸುತ್ತಾರೆ. ಹೋದ ವರ್ಷ ಒಂದು ಸಪ್ತಾಹದಲ್ಲಿ ಏಳು ದಿನವೂ ಕೂತೆ. ಒಬ್ಬರೂ ಒಂದು ಮಾತು ಕೇಳಲಿಲ್ಲ. ಕೇಳುವವರಿಲ್ಲದ ಕಡೆ ನಾಲ್ಕು ದಿನ ಓದಿ ಯಾರು ಬರುತ್ತಾರೆ, ಹೇಳಿ.

ಹಾಗಾಗಿ ನಿಮ್ಮ ಮಂದಿರದ ಆ ಹಿರಿಯರನ್ನು ಬಿಡಬೇಡಿ. ಅವರೇ ನಿಮಗೆ ಉಳಿದಿರುವ ನೆರೆಮನೆಯ ಅಕ್ಕ. ಶುಕ್ರವಾರ ಅವರ ಮನೆಗೆ ಹೋಗಿ, ಮರುದಿನ ಹೇಳಬೇಕಾದ್ದನ್ನು ಕಾಗದವಿಲ್ಲದೆ ಅವರೆದುರು ಹೇಳಿ, ಅವರು ಎಲ್ಲಿ ತಡೆಯುತ್ತಾರೋ ಅಲ್ಲಿಂದ ಓದಲು ಶುರುಮಾಡಿ. ಬರುವ ಶನಿವಾರ ವಿದುರನ ಮನೆಗೆ ಕೃಷ್ಣ ಬಂದ ಕಥೆ ಎಂದು ಬರೆದಿದ್ದೀರಿ. ನಾನೂ ಬರುತ್ತೇನೆ. ಹಸ್ತಿನಾವತಿಯಲ್ಲಿ ಭೀಷ್ಮರ ಮನೆಯೂ ಇತ್ತಲ್ಲ, ಕೃಷ್ಣ ಅಲ್ಲಿಗೇಕೆ ಊಟಕ್ಕೆ ಹೋಗಲಿಲ್ಲ? ನಾನು ಎದ್ದುನಿಂತು ಕೇಳುವುದು ಇದನ್ನೇ.