ಸೋಗಾನೆಯ ಸೈಟೋ, ಗೋಪಾಳದ ಹಳೆಯ ಮನೆಯೋ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಶಿವಮೊಗ್ಗದ ವಿನೋಬನಗರದಲ್ಲಿ ಎಂಟು ವರ್ಷಗಳಿಂದ ಬಾಡಿಗೆ ಮನೆಯಲ್ಲಿದ್ದೇವೆ. ಯಜಮಾನರು ಮಾಚೇನಹಳ್ಳಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸದಲ್ಲಿದ್ದಾರೆ. ನಾನು ಆಯನೂರು ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಮಗಳಿಗೆ ಏಳು ವರ್ಷ, ನಾನೀಗ ಐದು ತಿಂಗಳ ಗರ್ಭಿಣಿ. ಮಾವನಿಗೆ ಎಪ್ಪತ್ತೆರಡು ವರ್ಷ, ಮಂಡಿನೋವಿದೆ. ಅತ್ತೆಗೆ ಸಕ್ಕರೆ ಕಾಯಿಲೆ. ಊರಿನ ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ಬಂದಿದೆ, ಕೊನೆ ತೆಗೆಯಲು ಆಳು ಸಿಗುವುದಿಲ್ಲ, ಹಾಗಾಗಿ ಇಬ್ಬರೂ ನಮ್ಮ ಜೊತೆ ಬಂದು ಇರಲು ಒಪ್ಪಿದ್ದಾರೆ. ಸೋಗಾನೆ ಕಡೆ 36 ಲಕ್ಷಕ್ಕೆ 40–60ರ ಸೈಟು ಇದೆ, ವಿಮಾನ ನಿಲ್ದಾಣದಿಂದಾಗಿ ಮುಂದೆ ಬೆಲೆ ಏರುತ್ತದೆ ಎಂಬುದು ಯಜಮಾನರ ಮಾತು. ನನಗೆ ಗೋಪಾಳದಲ್ಲಿ ನೋಡಿದ 30–40ರ ಹಳೆಯ ಮನೆ ಹಿಡಿಸಿದೆ, ಆದರೆ ಅದಕ್ಕೆ 70 ಲಕ್ಷ ಹೇಳುತ್ತಿದ್ದಾರೆ. ನಮ್ಮ ಉಳಿತಾಯ ಮತ್ತು ನನ್ನ ಚಿನ್ನ ಸೇರಿ 25 ಲಕ್ಷ ಆಗುತ್ತದೆ, ಇಬ್ಬರ ಸಂಬಳ ಸೇರಿ ಸುಮಾರು ಒಂದು ಲಕ್ಷ. ಮಾವ ಅರ್ಧ ಎಕರೆ ತೋಟ ಮಾರಿ ಕೊಡುತ್ತೇನೆ ಎನ್ನುತ್ತಿದ್ದಾರೆ. ಎರಡು ತಿಂಗಳಿನಿಂದ ಮನೆಯಲ್ಲಿ ಇದೇ ಮಾತು, ಇದೇ ಮುನಿಸು. ನಾನು ಹಟ ಮಾಡುತ್ತಿದ್ದೇನೆಯೇ?

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಹಟ ಮಾಡುತ್ತಿದ್ದೀರಿ ಎಂದು ನನಗೆ ಅನ್ನಿಸಲಿಲ್ಲ, ನಿಮ್ಮ ಯಜಮಾನರು ತಪ್ಪು ಮಾತನಾಡುತ್ತಿದ್ದಾರೆಂದೂ ಅನ್ನಿಸಲಿಲ್ಲ. ಅವರು ಭೂಮಿಯ ಮಾತನ್ನಾಡುತ್ತಿದ್ದಾರೆ, ನೀವು ಮನೆಯ ಮಾತನ್ನಾಡುತ್ತಿದ್ದೀರಿ. ಎರಡು ಬೇರೆ ವಿಷಯಗಳನ್ನು ಒಂದೇ ಹಣದಲ್ಲಿ ತೀರಿಸಲು ಹೊರಟಿರುವುದರಿಂದ ಜಗಳವಾಗುತ್ತಿದೆ. 2023ರ ಫೆಬ್ರುವರಿ 27ರಂದು ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಆ ಭಾಗದ ಜಮೀನಿನ ಬಗ್ಗೆ ಜನರ ಆಸೆ ಹೆಚ್ಚಿರುವುದು ನಿಜ, ಮಾಚೇನಹಳ್ಳಿಗೆ ಹೋಗಿ ಬರುವವರಿಗೆ ಆ ದಿಕ್ಕು ಅನುಕೂಲವೆಂಬುದೂ ನಿಜ. ಆದರೆ ಏರಿದ ಬೆಲೆ ಕೈಗೆ ಸಿಗುವುದು ಮಾರಿದ ದಿನ ಮಾತ್ರ. ಮಕ್ಕಳು ಓದಿ ದೊಡ್ಡವರಾಗುವವರೆಗೆ, ಹಿರಿಯರ ಕೊನೆಗಾಲದವರೆಗೆ ಇರಬೇಕೆಂದು ಕಟ್ಟುವ ಮನೆಯನ್ನು ನೀವು ಮಾರುವುದಿಲ್ಲ.

ಆದ್ದರಿಂದ ಬೆಲೆಯ ಮಾತನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಮುಂದಿನ ವರ್ಷದ ಯಾವುದಾದರೂ ಒಂದು ಸಾಮಾನ್ಯ ದಿನವನ್ನು ಇಬ್ಬರೂ ಕುಳಿತು ಕಾಗದದ ಮೇಲೆ ಬರೆಯಿರಿ. ಬೆಳಿಗ್ಗೆ ಎಂಟಕ್ಕೆ ನೀವು ಆಯನೂರಿನ ಬಸ್ಸು ಹತ್ತಿರುತ್ತೀರಿ, ಯಜಮಾನರು ಬೆಳಗಿನ ಪಾಳಿಗೆ ಹೋಗಿರುತ್ತಾರೆ ಅಥವಾ ರಾತ್ರಿ ಪಾಳಿ ಮುಗಿಸಿ ಮಲಗಿರುತ್ತಾರೆ. ಹತ್ತು ಗಂಟೆಯಿಂದ ನಾಲ್ಕರವರೆಗೆ ಆ ಮನೆಯಲ್ಲಿ ಎಚ್ಚರವಾಗಿರುವವರು ಮಂಡಿನೋವಿನ ಮಾವ, ಸಕ್ಕರೆ ಕಾಯಿಲೆಯ ಅತ್ತೆ, ಒಂದು ಎಳೆ ಮಗು. ಹಾಲು ಒಡೆದರೆ, ಮಾತ್ರೆ ಮುಗಿದರೆ, ಮಗುವಿಗೆ ಜ್ವರ ಬಂದರೆ ಈ ಮೂವರು ಏನು ಮಾಡುತ್ತಾರೆ ಎಂಬುದನ್ನು ನೋಡಿ ಬಡಾವಣೆಯನ್ನು ಆರಿಸಬೇಕು. ನಿಮ್ಮಿಬ್ಬರ ಕೆಲಸದ ಜಾಗವನ್ನು ನೋಡಿ ಆರಿಸುವುದು ಎರಡನೆಯ ಮಾತು, ಏಕೆಂದರೆ ನಿಮಗೆ ವರ್ಗಾವಣೆಯಾಗಬಹುದು, ಅವರು ಕಾರ್ಖಾನೆ ಬದಲಿಸಬಹುದು. ವಾಹನ ಓಡಿಸಬಲ್ಲ ಇಬ್ಬರು ದಿನಕ್ಕೆ ಹತ್ತು ಕಿಲೋಮೀಟರ್ ಹೆಚ್ಚು ಓಡಾಡಿದರೆ ತಡೆದುಕೊಳ್ಳಬಹುದು. ನಡೆದೇ ಹೋಗಬೇಕಾದವರಿಗೆ ಅರ್ಧ ಕಿಲೋಮೀಟರ್ ಕೂಡ ದೊಡ್ಡ ದೂರ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನ್ನ ಸೋದರಮಾವ ಊರಿನ ತೋಟ ಬಿಟ್ಟು ಮಗನ ಮನೆಗೆ ಬಂದು, ನಗರದ ಹೊರಗಿನ ಹೊಸ ಲೇಔಟೊಂದರಲ್ಲಿ ನಾಲ್ಕು ವರ್ಷ ಇದ್ದರು. ಮೂವತ್ತಕ್ಕೂ ಹೆಚ್ಚು ಸೈಟುಗಳ ನಡುವೆ ಮನೆ ಎದ್ದದ್ದು ನಾಲ್ಕೇ. ಅಂಗಳವಿತ್ತು, ಗಾಳಿಯಿತ್ತು, ತೆಂಗಿನ ಸಸಿ ನೆಟ್ಟಿದ್ದರು. ಆದರೆ ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ಸಂಜೆಯವರೆಗೆ ಮನುಷ್ಯರ ಮುಖ ಕಾಣುತ್ತಿರಲಿಲ್ಲ. ಅವರು ಎರಡು ದಿನಕ್ಕೊಮ್ಮೆ ಆಟೋ ಹಿಡಿದು ಬಸ್ ನಿಲ್ದಾಣಕ್ಕೆ ಹೋಗಿ, ಊರಿನ ಕಡೆಯ ಬಸ್ಸು ನಿಲ್ಲುವಲ್ಲಿ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದರೆಂದು ನಮಗೆ ತಿಳಿದದ್ದು ಬಹಳ ತಡವಾಗಿ. ಬಸ್ಸಿಳಿದವರಲ್ಲಿ ಗುರುತಿನವರು ಕಂಡರೆ ಮಳೆ, ಕೊಳೆ ರೋಗ, ಅಡಿಕೆ ಧಾರಣೆ ವಿಚಾರಿಸಿ, ಒಂದು ಕಾಫಿ ಕುಡಿದು ವಾಪಸು ಬರುತ್ತಿದ್ದರಂತೆ. ನಿಮ್ಮ ಮಾವ ತೋಟ ಬಿಟ್ಟು ಬರುತ್ತಿರುವವರು. ದೊಡ್ಡ ಸೈಟು ಅವರಿಗೆ ಇಷ್ಟವಾಗಬಹುದು, ಆದರೆ ಹೆಚ್ಚು ಬೇಕಾಗಿರುವುದು ಮಾತಿಗೆ ಸಿಗುವ ನಾಲ್ಕು ಜನ. ರಾತ್ರಿ ಪಾಳಿಯ ವಾರಗಳಲ್ಲಿ, ಅರ್ಧ ಖಾಲಿಯಿರುವ ಲೇಔಟಿನಲ್ಲಿ, ಹಸುಗೂಸು ಮತ್ತು ಇಬ್ಬರು ಹಿರಿಯರೊಂದಿಗೆ ನೀವೊಬ್ಬರೇ ಇರಬೇಕಾಗುತ್ತದೆ ಎಂಬುದನ್ನೂ ಯಜಮಾನರಿಗೆ ಸಮಾಧಾನವಾಗಿ ನೆನಪಿಸಿ.

ಈ ಲೆಕ್ಕದಲ್ಲಿ ಗೋಪಾಳ ಮುಂದಿದೆ ಎಂಬುದೇ ನನ್ನ ಅಭಿಪ್ರಾಯ. ಅದು ಜನ ನೆಲೆ ನಿಂತ ಬಡಾವಣೆ, ಅಲ್ಲಿಂದ ಆಲ್ಕೊಳದ ಕಡೆಗೆ ಬಂದರೆ ನಿಮಗೆ ಸಾಗರ ರಸ್ತೆ ಸಿಗುತ್ತದೆ, ಮಗಳ ಶಾಲೆಯನ್ನು ಬದಲಿಸಬೇಕಾಗಿಲ್ಲ. ಅತ್ತೆಯ ತಪಾಸಣೆಗೆ ಮೆಗ್ಗಾನ್ ಆಸ್ಪತ್ರೆಗಾಗಲಿ ಖಾಸಗಿ ವೈದ್ಯರಲ್ಲಿಗಾಗಲಿ ಯಾರನ್ನೂ ಕಾಯದೆ ಆಟೋದಲ್ಲಿ ಹೋಗಿಬರಬಹುದು. ಆದರೆ ಬಡಾವಣೆ ಒಳ್ಳೆಯದಾದ ಮಾತ್ರಕ್ಕೆ ಆ ಮನೆಯೂ ಒಳ್ಳೆಯದೆಂದು ನಾನು ಹೇಳಲಾರೆ. ಮಲೆನಾಡಿನ ಬಾಗಿಲಲ್ಲಿರುವ ಈ ಊರಿನಲ್ಲಿ ಮನೆಯನ್ನು ಮಳೆಗಾಲದಲ್ಲಿ ನೋಡದೆ ಕೊಳ್ಳಬಾರದು, ಇದನ್ನು ನಾನು ಅನುಭವಿಸಿ ಕಲಿತಿದ್ದೇನೆ.

ನಾವು ಮೊದಲ ಮನೆ ಕೊಂಡದ್ದು ಯುಗಾದಿ ಕಳೆದ ಹದಿನೈದು ದಿನಕ್ಕೆ. ನೆಲ ಒಣಗಿತ್ತು, ಗೋಡೆಗೆ ಹೊಸ ಸುಣ್ಣ ಹೊಡೆದಿತ್ತು, ಹಿತ್ತಿಲಲ್ಲಿ ಮಲ್ಲಿಗೆ ಬಿಟ್ಟಿತ್ತು. ಪುಷ್ಯ ಮಳೆ ಹಿಡಿದ ಮೂರನೆಯ ರಾತ್ರಿ ಬಚ್ಚಲ ಮೋರಿಯಿಂದ ನೀರು ಒಳಗೇ ಉಕ್ಕಿ ಬಂತು. ನಮ್ಮ ಅತ್ತೆ ಮಂಚದ ಮೇಲೆ ಕಾಲು ಮಡಚಿ ಕುಳಿತು, ಅಕ್ಕಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗು ಮಾಡಿದರು. ಮಂಚದ ಕೆಳಗಿದ್ದ ಟ್ರಂಕಿನಲ್ಲಿ ಅವರ ಮದುವೆಯ ಸೀರೆ ಇತ್ತು ಎಂಬುದನ್ನು ನೀರು ಇಳಿಯುವವರೆಗೆ ಬಾಯಿಬಿಟ್ಟು ಹೇಳಲಿಲ್ಲ. ಮಾರಿದವರು ಸುಳ್ಳು ಹೇಳಿರಲಿಲ್ಲ. ಮಳೆಗಾಲದಲ್ಲಿ ಹೇಗಿರುತ್ತದೆ ಎಂದು ನಾವೇ ಕೇಳಿರಲಿಲ್ಲ.

ತುಂಗೆಯ ಸ್ವಭಾವವನ್ನು ನೀವು ಬಲ್ಲಿರಿ. ಗಾಜನೂರಿನ ಅಣೆಕಟ್ಟೆ ಚಿಕ್ಕದು, ಹಿಡಿಯುವುದು 3.24 ಟಿಎಂಸಿ ನೀರು. ಶೃಂಗೇರಿ, ತೀರ್ಥಹಳ್ಳಿಗಳಲ್ಲಿ ನಾಲ್ಕು ದಿನ ಹಿಡಿದ ಮಳೆಯಾದರೆ ಅದು ತುಂಬಿ ಗೇಟುಗಳನ್ನು ತೆರೆಯುತ್ತಾರೆ, ಇತ್ತ ಕೋರ್ಪಲಯ್ಯನ ಛತ್ರದ ಬಳಿ ನದಿಯಲ್ಲಿರುವ ಮಂಟಪ ಮುಳುಗಿತೆಂದು ಜನ ನೋಡಲು ಹೋಗುತ್ತಾರೆ. 2019ರ ಆಗಸ್ಟಿನಲ್ಲಿ ಆ ನೀರು ನೋಟಕ್ಕೆ ನಿಲ್ಲದೆ ನಗರದ ತಗ್ಗಿನ ಬಡಾವಣೆಗಳ ಮನೆಗಳಿಗೇ ನುಗ್ಗಿತು. ನದಿ ದೂರವಿದ್ದರೂ ಊರೊಳಗೆ ಹಾದುಹೋಗುವ ತುಂಗಾ ನಾಲೆ, ಮುಚ್ಚಿಹೋದ ರಾಜಕಾಲುವೆ, ಮಣ್ಣು ತುಂಬಿದ ಗದ್ದೆಬಯಲು ಇವೂ ಅಷ್ಟೇ ತೊಂದರೆ ಕೊಡುತ್ತವೆ. ಒಂದೇ ಬಡಾವಣೆಯ ಮೇಲಿನ ಅಡ್ಡರಸ್ತೆ ಒಣಗಿದ್ದು ಕೆಳಗಿನ ಅಡ್ಡರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತದ್ದನ್ನು ನಾನು ಕಂಡಿದ್ದೇನೆ. ಹಾಗಾಗಿ 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಆ ಬೀದಿಯ ಅಂಗಡಿಯವರನ್ನು, ಹಾಲು ಹಾಕುವವರನ್ನು, ಎದುರು ಮನೆಯ ಹಿರಿಯರನ್ನು ಕೇಳಿ; ಮನೆ ತೋರಿಸುವ ದಲ್ಲಾಳಿಯ ಮಾತು ಇದಕ್ಕೆ ಸಾಲದು. ಕೋಣೆಗಳ ಗೋಡೆಯನ್ನು ನೆಲದಿಂದ ಮೂರಡಿಯವರೆಗೆ ಕೈಯಿಂದ ಸವರಿ ನೋಡಿ. ಹೊಸ ಬಣ್ಣದ ಅಡಿಯಲ್ಲಿ ಗಾರೆ ಉದುರುತ್ತಿದ್ದರೆ ತೇವವಿದೆಯೆಂದೇ ತಿಳಿಯಿರಿ.

ಸೋಗಾನೆಯ ಸೈಟಿಗೂ ಇದೇ ಪರೀಕ್ಷೆ ಬೇಕು, ಅಲ್ಲಿ ಅದಕ್ಕೊಂದು ಸುಲಭ ದಾರಿಯೂ ಇದೆ. ಲೇಔಟ್ ಆಗುವ ಮೊದಲಿನ ಪಹಣಿಯನ್ನು ತೆಗೆಸಿ ನೋಡಿ. ಅದರಲ್ಲಿ ಜಮೀನನ್ನು ಖುಷ್ಕಿ (ಒಣಭೂಮಿ), ತರಿ, ಬಾಗಾಯ್ತು (ತೋಟ) ಎಂದು ಗುರುತಿಸಿರುತ್ತಾರೆ. ತರಿ ಎಂದಿದ್ದರೆ ಅದು ಗದ್ದೆಯಾಗಿದ್ದ ನೆಲ. ಪಾಯಕ್ಕೆ ಹೆಚ್ಚು ಖರ್ಚು ಬರುತ್ತದೆ, ಮಳೆ ನೀರು ತನ್ನ ಹಳೆಯ ಜಾಗವನ್ನು ಹುಡುಕಿಕೊಂಡು ಬರುವ ಸಂಭವವೂ ಇರುತ್ತದೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ತೆರೆದು ಆ ಸೈಟಿನಲ್ಲಿ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ, ಪಕ್ಕದಲ್ಲಿ ಹಳ್ಳವಿದೆಯೇ, ಕೆರೆಯಿದೆಯೇ ಎಂಬುದು ಕಾಣುತ್ತದೆ.

ಕಾಗದಪತ್ರದ ವಿಚಾರದಲ್ಲಿ ನನಗೆ ಹೆಚ್ಚು ಆತಂಕವಿರುವುದು ಆ ಸೈಟಿನ ಬಗ್ಗೆಯೇ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ, ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇವೆಯೇ ಅಥವಾ 11ಬಿ ಮಾತ್ರ ಇದೆಯೇ ಎಂದು ಮೊದಲು ಕೇಳಿ. 11ಬಿ ಕೊಡುವುದು ಸರಿಯಾದ ಅನುಮೋದನೆಯಿಲ್ಲದ ಆಸ್ತಿಗೆ, ಅದು ಮಾತ್ರ ಇರುವ ಸೈಟಿಗೆ ಮನೆ ಸಾಲ ಸಿಗುವುದು ಕಷ್ಟ. ಕೃಷಿ ಜಮೀನನ್ನು ವಸತಿಗೆ ಬದಲಿಸಿದ ಅಲಿನೇಷನ್ ಆದೇಶ, ನಗರಾಭಿವೃದ್ಧಿ ಪ್ರಾಧಿಕಾರದ ಲೇಔಟ್ ಅನುಮೋದನೆ, ಮೂವತ್ತು ವರ್ಷಗಳ ಋಣಭಾರ ಪತ್ರ ಇವುಗಳೊಂದಿಗೆ ಜಮೀನು ಮೊದಲು ಯಾರಿಗೆ ಹೇಗೆ ಬಂತು ಎಂಬುದನ್ನೂ ವಕೀಲರಿಂದ ನೋಡಿಸಬೇಕು. ನಮ್ಮ ಜಿಲ್ಲೆಯಲ್ಲಿ ಇದು ಬಹಳ ಮುಖ್ಯ. ಶರಾವತಿಯ ಅಣೆಕಟ್ಟೆಯಿಂದ ಊರು ಕಳೆದುಕೊಂಡ ಮುಳುಗಡೆಯವರಿಗೆ ಕೊಟ್ಟ ಎಷ್ಟೋ ಜಮೀನುಗಳ ಹಕ್ಕಿನ ಪ್ರಶ್ನೆ ಇಷ್ಟು ದಶಕಗಳಾದರೂ ಮುಗಿದಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯ್ದೆಯ ಪ್ರಕಾರ ಆ ಕ್ರಯ ಊರ್ಜಿತವಾಗುವುದಿಲ್ಲ. ಗೋಪಾಳದ ಮನೆಗೆ ಮಹಾನಗರ ಪಾಲಿಕೆಯ ಖಾತೆ, ಕಂದಾಯ ರಸೀದಿ, ಮಂಜೂರಾದ ನಕ್ಷೆಗೂ ಕಟ್ಟಿದ ಮನೆಗೂ ಇರುವ ಹೊಂದಿಕೆ, ಇಷ್ಟನ್ನು ನೋಡಿಸಿ.

ಇನ್ನು ಹಣ. ಸೈಟು ಅರ್ಧ ಬೆಲೆಗೆ ಸಿಗುತ್ತದೆ ಎಂದು ಕಾಣುವುದು ಮನೆ ಕಟ್ಟುವ ಖರ್ಚನ್ನು ಬಿಟ್ಟು ನೋಡಿದಾಗ. ಚದರಕ್ಕೆ, ಅಂದರೆ ನೂರು ಚದರಡಿಗೆ, ಎರಡು ಲಕ್ಷವೆಂದು ಹಿಡಿದರೂ ಹನ್ನೆರಡು ಚದರದ ಮನೆಗೆ 24 ಲಕ್ಷ. ಬೋರ್‌ವೆಲ್, ಸಂಪು, ಕಾಂಪೌಂಡು, ನೋಂದಣಿ ಸೇರಿದರೆ ಸೈಟು ಮನೆ ಎರಡೂ ಕೂಡಿ 65 ಲಕ್ಷವನ್ನು ಮುಟ್ಟುತ್ತದೆ, ಕಟ್ಟಿ ಮುಗಿಯುವವರೆಗೆ ವಿನೋಬನಗರದ ಬಾಡಿಗೆಯೂ ತಪ್ಪುವುದಿಲ್ಲ. ಗೋಪಾಳದ ಮನೆಯನ್ನು ಚೌಕಾಸಿ ಮಾಡಿ 65 ಲಕ್ಷಕ್ಕೆ ತಂದಿರೆಂದುಕೊಳ್ಳಿ. 48 ಲಕ್ಷ ಸಾಲ ಮಾಡಿದರೆ ಕೈಯಿಂದ 17 ಲಕ್ಷ ಬೇಕು. ಮುದ್ರಾಂಕ ಶುಲ್ಕ ಶೇ 5, 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2, ಇವೆರಡಕ್ಕೆ 4.55 ಲಕ್ಷ, ಸೆಸ್ಸು ಬೇರೆ. ಉಳಿದ ಮೂರು ಲಕ್ಷದಲ್ಲಿ ವೈರಿಂಗ್ ಮತ್ತು ತಾರಸಿಯ ದುರಸ್ತಿ ಮಾಡಿಸಬಹುದು. ಶೇ 8ರ ಬಡ್ಡಿಗೆ ಇಪ್ಪತ್ತು ವರ್ಷವಾದರೆ ಕಂತು ತಿಂಗಳಿಗೆ ಸುಮಾರು 40 ಸಾವಿರ. ಹೆರಿಗೆ, ಎಳೆ ಮಗು, ಇಬ್ಬರು ಹಿರಿಯರ ಔಷಧಿ ಇರುವ ಮನೆಯಲ್ಲಿ ಇದಕ್ಕಿಂತ ಹೆಚ್ಚಿನ ಕಂತನ್ನು ಹೊರಬೇಡಿ. ಮಾಲೀಕರು 70ರಿಂದ ಇಳಿಯುವುದಿಲ್ಲವೆಂದರೆ ಅದೇ ಸುತ್ತಿನಲ್ಲಿ ಬೇರೆ ಮನೆ ಹುಡುಕಿ. ಕ್ರಯಪತ್ರ ನಿಮ್ಮಿಬ್ಬರ ಹೆಸರಿನಲ್ಲಿ ಜಂಟಿಯಾಗಿ ಆಗಲಿ, ನಿಮ್ಮ ಚಿನ್ನ ಅದರಲ್ಲಿದೆ.

ಈ ಲೆಕ್ಕದಲ್ಲಿ ಮಾವನ ಅರ್ಧ ಎಕರೆ ಎಲ್ಲೂ ಬರಲಿಲ್ಲ ಎಂಬುದನ್ನು ಗಮನಿಸಿ. ಅದನ್ನು ಮಾರಿಸಬೇಡಿ. ರೋಗ ಬಂದ ತೋಟಕ್ಕೆ ಈಗ ಒಳ್ಳೆಯ ಬೆಲೆ ಬರುವುದಿಲ್ಲ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ವರ್ಷಕ್ಕೆ ನಾಲ್ಕು ಸಲ ಊರಿಗೆ ಹೋಗಿ ತನ್ನ ತೋಟವನ್ನು ಸುತ್ತಿ ಬರುವ ಹಕ್ಕು ಉಳಿದರೆ ಅವರು ಪಟ್ಟಣದಲ್ಲಿ ನೆಮ್ಮದಿಯಾಗಿರುತ್ತಾರೆ. ತೋಟವನ್ನು ನೋಡಿಕೊಳ್ಳಲು ಊರಿನಲ್ಲಿ ನಂಬಿಕೆಯವರೊಬ್ಬರನ್ನು ಗೊತ್ತುಮಾಡುವ ವಿಚಾರ ಮಾಡಿ. ಯಜಮಾನರ ಹೂಡಿಕೆಯ ಆಸೆಯೂ ಅಲ್ಲಗಳೆಯುವಂಥದ್ದಲ್ಲ. ಐದಾರು ವರ್ಷಗಳಲ್ಲಿ ಕಂತು ಹಗುರವಾದ ಮೇಲೆ ಆ ಕಡೆ ಒಂದು ಚಿಕ್ಕ ಸೈಟನ್ನು ಹೂಡಿಕೆಯೆಂದೇ ಕೊಳ್ಳೋಣ ಎಂದು ನೀವಾಗಿಯೇ ಹೇಳಿ. ಅವರ ಮಾತಿಗೂ ಬೆಲೆಯಿದೆಯೆಂದು ಅವರಿಗೆ ಅನ್ನಿಸಿದರೆ ಮುನಿಸು ಅರ್ಧ ಇಳಿಯುತ್ತದೆ.

ಹೆರಿಗೆಗೆ ಮೊದಲೇ ಮನೆ ಹಿಡಿಯಬೇಕೆಂಬ ಆತುರ ಬೇಡ. ಈಗಿನ ಬಾಡಿಗೆ ಮನೆಯಲ್ಲೇ ಬಾಣಂತನ ಮುಗಿಸಿಕೊಳ್ಳಿ, ಪುನರ್ವಸು, ಪುಷ್ಯ ಎರಡು ಮಳೆ ಕಳೆಯುವವರೆಗೆ ಯಾರಿಗೂ ಮುಂಗಡ ಕೊಡಬೇಡಿ. ಆ ದಿನಗಳಲ್ಲಿ ಅತ್ತೆ ಮಾವನನ್ನು ಹದಿನೈದು ದಿನ ವಿನೋಬನಗರಕ್ಕೆ ಕರೆಸಿಕೊಂಡು, ಮಳೆ ಬಿಟ್ಟ ಒಂದು ಸಂಜೆ ಎಲ್ಲರೂ ಸೇರಿ ಮೊದಲು ಸೋಗಾನೆಗೆ, ಇನ್ನೊಂದು ಸಂಜೆ ಗೋಪಾಳಕ್ಕೆ ಹೋಗಿ. ಮಾವ ಗೇಟಿನಿಂದ ರಸ್ತೆಯ ಕೊನೆಯವರೆಗೆ ಕೊಡೆ ಊರಿಕೊಂಡು ನಡೆದು ಬರಲಿ. ಹಿತ್ತಿಲಲ್ಲಿ ಬಚ್ಚಲ ಹಂಡೆಗೊಂದು ಒಲೆ ಹಾಕಲು ಜಾಗವಿದೆಯೇ ಎಂದು ಅತ್ತೆ ನೋಡಲಿ. ಅವರಿಬ್ಬರೂ ಏನು ಹೇಳಿದರು ಎಂಬುದನ್ನು ಯಜಮಾನರೂ ಜೊತೆಗಿದ್ದು ಕೇಳಿಸಿಕೊಳ್ಳಲಿ, ಆಮೇಲೆ ನನಗೂ ಬರೆದು ತಿಳಿಸಿ.