ದಿನಾ ಸ್ವಲ್ಪ ಸ್ವಲ್ಪ ಮಾಡಿದರೆ ಶಿಸ್ತು ನಿಜವಾಗಿ ಬರುತ್ತದೆಯೇ?

ಬರುತ್ತದೆ. ಅದು ಮನಸ್ಸು ಕಲ್ಲಾಗುವುದರಿಂದ ಅಲ್ಲ, ಮನಸ್ಸನ್ನು ಒಪ್ಪಿಸುವ ಕೆಲಸವೇ ಕಡಿಮೆಯಾಗುವುದರಿಂದ.

ಒಂದೇ ಕೆಲಸವನ್ನು ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮತ್ತೆ ಮತ್ತೆ ಮಾಡಿದಾಗ ಮಿದುಳು ಆ ಹೊತ್ತನ್ನೂ ಜಾಗವನ್ನೂ ಸೂಚನೆಯಾಗಿ ಹಿಡಿದುಕೊಳ್ಳುತ್ತದೆ. ಮೊದಮೊದಲು 'ಇವತ್ತು ಮಾಡಲೋ ಬೇಡವೋ' ಎಂದು ಒಳಗೇ ಜಗಳ. ಬರುಬರುತ್ತಾ ಆ ಜಗಳವೇ ಏಳುವುದಿಲ್ಲ. ಕುರ್ಚಿಯಲ್ಲಿ ಕೂತರೆ ಕೈ ತಾನಾಗಿ ಪುಸ್ತಕ ತೆಗೆಯುತ್ತದೆ. ಹಲ್ಲುಜ್ಜಲು ಯಾರೂ ಛಲ ತೊಡುವುದಿಲ್ಲ, ಅಲ್ವಾ?

21 ದಿನ ಸಾಕು ಅನ್ನುವ ಮಾತನ್ನು ಮಾತ್ರ ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಂಶೋಧಕಿ ಫಿಲಿಪಾ ಲಾಲಿ ಮತ್ತು ಸಂಗಡಿಗರು ಹೊಸ ಅಭ್ಯಾಸ ಶುರುಮಾಡಿದ 96 ಜನರನ್ನು 12 ವಾರ ಗಮನಿಸಿದರು. ಅವರ ಲೆಕ್ಕದಲ್ಲಿ ರೂಢಿಯಾಗಲು ನಡುಮಟ್ಟದ ವ್ಯಕ್ತಿಗೆ 66 ದಿನ ಬೇಕಾಯಿತು. ಆದರೆ ವ್ಯತ್ಯಾಸ ದೊಡ್ಡದು: 18 ದಿನದಿಂದ 254 ದಿನದವರೆಗೆ (12 ವಾರ ಮೀರಿದ್ದು ಅವರ ಅಂದಾಜು). ನನಗೆ ಸಮಾಧಾನ ಕೊಟ್ಟದ್ದು ಇನ್ನೊಂದು ವಿಷಯ. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ನಷ್ಟವಾಗಲಿಲ್ಲ.

ಕಲಿಕೆಗೂ ಇದು ಒಪ್ಪುತ್ತದೆ. ವಾರಕ್ಕೊಮ್ಮೆ ಮೂರೂವರೆ ಗಂಟೆ ಕೂರುವುದಕ್ಕಿಂತ ದಿನಾ ಅರ್ಧ ಗಂಟೆ ಓದಿದ್ದು ಜಾಸ್ತಿ ಕಾಲ ನೆನಪಿರುತ್ತದೆ. ಅರ್ಧ ಮರೆತದ್ದನ್ನು ತಡಕಾಡಿ ಹೊರತೆಗೆಯುವ ಆ ಕಷ್ಟವೇ ನೆನಪನ್ನು ಗಟ್ಟಿ ಮಾಡುತ್ತದೆ. ಆದರೆ ಬರುವುದನ್ನೇ ಸುಮ್ನೆ ತಿರುಗಿಸುತ್ತಿದ್ದರೆ ರೂಢಿ ಉಳಿಯುತ್ತದೆ, ಕೌಶಲ ಬೆಳೆಯುವುದಿಲ್ಲ. ಎಡವುವ ಜಾಗವನ್ನೇ ಹುಡುಕಿ ಅಭ್ಯಾಸ ಮಾಡಬೇಕು.

ಶುರುವಿಗೆ ನಾಚಿಕೆಯಾಗುವಷ್ಟು ಚಿಕ್ಕದನ್ನು ಆರಿಸಿಕೊಳ್ಳಿ. ಐದು ನಿಮಿಷ, ಇಲ್ಲವೇ ಒಂದೇ ಪುಟ.