ಕಾಗೆ ತಲೆಗೆ ಕುಕ್ಕಿದರೆ ಶಾಂತಿ ಬೇಡ, ಕೊಡೆ ಸಾಕು

ಪ್ರಶ್ನೆ: ಸೊಸೈಟಿ ಗೇಟಿನ ಹತ್ತಿರ ಕಾಗೆಯೊಂದು ಮೂರು ದಿನದಿಂದ ನನ್ನ ತಲೆಗೆ ಕುಕ್ಕುತ್ತಿದೆ. ಶನಿದೋಷ ಅಂತ ಅತ್ತೆಯವರಿಗೆ ಭಯ. ಜ್ಯೋತಿಷಿಯೊಬ್ಬರು ಶಾಂತಿ ಮಾಡಿಸಲು ದುಡ್ಡು ಕೇಳಿದ್ದಾರೆ. ನನಗೇ ಯಾಕೆ? ಏನು ಮಾಡಲಿ?
– ಮಾಟುಂಗದ ಓದುಗರು

ದುಡ್ಡು ಕೊಡಬೇಡಿ. ಪ್ರತಿ ಬೇಸಿಗೆಯಲ್ಲೂ ಇದೇ ಪ್ರಶ್ನೆ. ಪ್ರತಿ ಸಲವೂ ಹೆದರಿದವರ ಜೇಬಿಗೆ ಯಾರೋ ಕೈ ಹಾಕಿರುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೇ.

ಮುಂಬೈಯಲ್ಲಿ ಕಾಗೆ ಗೂಡು ಕಟ್ಟುವುದು ಮಳೆಗೆ ಮುಂಚೆ. ಗೇಟಿನ ಮೇಲಿನ ಮರ ನೋಡಿ, ಕಡ್ಡಿ, ತಂತಿ ಸೇರಿಸಿದ ಗೂಡು ಇರುತ್ತದೆ. ಕಾಣದಿದ್ದರೆ ಪೊದೆಯಲ್ಲೋ ನಿಂತ ಕಾರಿನ ಅಡಿಯಲ್ಲೋ ಮರಿ ಕೂತಿರಬಹುದು. ಮರಿ ಮೂರ್ನಾಲ್ಕು ವಾರಕ್ಕೆ ಗೂಡು ಬಿಡುತ್ತದೆ, ಆದರೆ ಸರಿಯಾಗಿ ಹಾರಲು ಇನ್ನೂ ಕೆಲವು ದಿನ ಬೇಕು. ತಾಯಿ ತಂದೆಗೆ ಜಾಸ್ತಿ ಗಾಬರಿ ಆಗಲೇ. ಹತ್ತಿರ ಬಂದವರ ಮೇಲೆ ಎರಡೂ ಎರಗುತ್ತವೆ.

‘ನನಗೇ ಯಾಕೆ?’ ಅಂತ ಕೇಳಿದ್ದೀರಿ. ಕಾಗೆ ಮುಖ ನೆನಪಿಡುತ್ತದೆ. ಅಮೆರಿಕದ ಸಿಯಾಟಲ್‌ನಲ್ಲಿ ವಿಜ್ಞಾನಿಗಳು ಮುಖವಾಡ ಹಾಕಿಕೊಂಡು ಅಲ್ಲಿನ ಕಾಗೆಗಳನ್ನು ಹಿಡಿದು ಬಿಟ್ಟರು. ವರ್ಷಗಳ ನಂತರವೂ ಆ ಮುಖವಾಡ ಕಂಡರೆ ಕಾಗೆಗಳು ಕೂಗಾಡುತ್ತಿದ್ದವು. ನೀವು ಮರಿಯ ಹತ್ತಿರ ನಿಂತು ಫೋನಿನಲ್ಲಿ ಮಾತಾಡಿದ್ದರೂ ಸಾಕು, ಅದು ಮರೆತಿರುವುದಿಲ್ಲ.

ಕೊಡೆ ಹಿಡಿದು ನಡೆಯಿರಿ. ಕಾಗೆ ಸಾಮಾನ್ಯವಾಗಿ ಹಿಂದಿನಿಂದ ಬರುತ್ತದೆ. ನಿಲ್ಲಬೇಡಿ, ಕಲ್ಲು ಎಸೆಯಬೇಡಿ, ಇನ್ನೊಂದು ಗೇಟು ಇದ್ದರೆ ಅದನ್ನೇ ಬಳಸಿ. ಮರಿ ಹಾರಿದ ಮೇಲೆ ಎಲ್ಲ ತಾನಾಗಿ ನಿಲ್ಲುತ್ತದೆ. ರಕ್ತ ಬಂದಿದ್ದರೆ ಸೋಪಿನಿಂದ ತೊಳೆದು ಡಾಕ್ಟರಿಗೆ ತೋರಿಸಿ.

ವಾಚ್‌ಮನ್‌ಗೆ ಹೇಳಿ ಗೂಡು ಕೆಡವಿಸುವ ಯೋಚನೆ ಮಾತ್ರ ಬೇಡ. ಮಳೆಗೆ ಮುಂಚಿನ ಟೊಂಗೆ ಕಡಿಯುವ ಕೆಲಸ ಹೇಗೂ ಗೂಡಿನ ಕಾಲದಲ್ಲೇ ಬರುತ್ತದೆ. ಅದರ ಮೇಲೆ ನಾವೂ ಕೈ ಹಾಕಬೇಕಾ? ಮಹಾರಾಷ್ಟ್ರದಲ್ಲಿ 1975ರ ಮರ ರಕ್ಷಣೆ ಕಾನೂನಿದೆ, ಸೊಸೈಟಿಯ ಮರವೆಂದು ಮನಬಂದಂತೆ ಕಡಿಯುವಂತಿಲ್ಲ. ಆ ಗೂಡಿನಲ್ಲಿ ಕೋಗಿಲೆಯ ಮರಿಯೂ ಇರಬಹುದು. ಕೋಗಿಲೆ ದನಿ ಬೇಕು, ಕಾಗೆ ಗೂಡು ಬೇಡ ಅಂದರೆ ಹೇಗೆ?

ಪ್ರಶ್ನೆ: ಬಿದ್ದ ಮರಿಯನ್ನು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದಂತೆ, ನಿಜವಾ? – ಮುಲುಂಡ್

ಸುಳ್ಳು. ಪುಕ್ಕ ಬಂದಿದ್ದರೆ ಹತ್ತಿರದ ಗಿಡದ ಮೇಲೆ ಕೂರಿಸಿ ದೂರ ಹೋಗಿ. ಬಾಯಿಗೆ ನೀರು, ಹಾಲು ಹಾಕಬೇಡಿ. ಅದು ಶ್ವಾಸನಾಳಕ್ಕೆ ಇಳಿದರೆ ಮರಿ ಸಾಯುತ್ತದೆ. ಗಾಯವಾಗಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.

ಪ್ರಶ್ನೆ: ಪಿಕಳಾರ (ಬುಲ್‌ಬುಲ್) ಹಕ್ಕಿ ದಿನವಿಡೀ ಕಿಟಕಿ ಕುಟ್ಟುತ್ತದೆ. ಏನಾದರೂ ಸೂಚನೆಯಾ? – ಡೊಂಬಿವಲಿ

ಅಲ್ಲ. ಗಾಜಿನಲ್ಲಿ ಕಂಡ ತನ್ನನ್ನೇ ಎದುರಾಳಿ ಅಂದುಕೊಂಡಿದೆ. ಹೊರಗಡೆಯಿಂದ ಕಾಗದ ಅಂಟಿಸಿ.

ಪ್ರಶ್ನೆ: ಬಾಲ್ಕನಿಯಲ್ಲಿ ಪಾರಿವಾಳಕ್ಕೆ ಕಾಳು ಹಾಕಬಹುದಾ? ಮಾವನವರಿಗೆ ಉಬ್ಬಸ ಇದೆ. – ದಾದರ್

ಬೇಡ. ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶ ಕೆಡಿಸುತ್ತದೆ. ಉಬ್ಬಸ ಇರುವ ಮನೆಯಲ್ಲಿ ಇದನ್ನು ಕೇಳಲೇಬಾರದು.